ಎರಡೂವರೆ ಲಕ್ಷಕ್ಕೆ ಯಾವ ಪಾರ್ಟ್ಸ್ ತಗೊಳ್ಳಲಿ? ನಮ್ಮ ಕರಾವಳಿಯವರಿಗೆ ನನ್ನ ಉತ್ತರ

"ಅಣ್ಣಾ, ಎರಡೂವರೆ ಲಕ್ಷ ಕೂಡಿಟ್ಟಿದ್ದೇನೆ. ಹಗಲು ಎಡಿಟಿಂಗ್ ಆಗಬೇಕು, ರಾತ್ರಿ ಗೇಮೂ ಆಡಬೇಕು. ಯಾವ ಪ್ರೊಸೆಸರ್, ಯಾವ ಕಾರ್ಡ್?"

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಅಂಕೋಲಾ, ಕುಮಟಾ, ಹೊನ್ನಾವರದಿಂದ ಜಾಸ್ತಿ, ಆಗಾಗ ಘಟ್ಟದ ಮೇಲಿನ ಶಿರಸಿಯಿಂದಲೂ. ಕೇಳುವವರಲ್ಲಿ ಹೆಚ್ಚಿನವರು ಮದುವೆ ವಿಡಿಯೋ ಮಾಡುವ ಹುಡುಗರು, ಇಲ್ಲವೇ ಮನೆಯಲ್ಲೇ ಕೂತು ತ್ರೀಡಿ ಕೆಲಸ ಮಾಡುವವರು. ನಾನು ಕಾರವಾರದ ಕೋಡಿಬಾಗದಲ್ಲಿ ಹನ್ನೆರಡು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ. ನನಗೂ ಪರಿಚಯದವರಿಗೂ ಸೇರಿ ಮೂವತ್ತರ ಹತ್ತಿರ ಪಿಸಿ ಅಸೆಂಬಲ್ ಮಾಡಿದ್ದೇನೆ. ಹಾಗಾಗಿ ಒಮ್ಮೆ ಸರಿಯಾಗಿ ಬರೆದಿಡುತ್ತೇನೆ.

ಯಾರೇ ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಇದನ್ನು: ಪಿಸಿ ಇಡುವ ಜಾಗದ ಪ್ಲಗ್‌ಗೆ ಅರ್ಥಿಂಗ್ ಇದೆಯಾ?

ಬೆಂಗಳೂರಿನವರು ವಿಡಿಯೋದಲ್ಲಿ ಹೇಳುವ ಲಿಸ್ಟ್ ತಪ್ಪಲ್ಲ. ಆದರೆ ಅವರು ಉಪ್ಪುಗಾಳಿಯಲ್ಲಿ ಕೂತು ಮಾತಾಡುತ್ತಿಲ್ಲ. ನಮ್ಮಲ್ಲಿ ದುಬಾರಿ ಪಿಸಿ ಹಾಳಾಗಿದ್ದನ್ನು ನಾನು ನೋಡಿದ್ದೆಲ್ಲ ಹೆಚ್ಚಾಗಿ ಕರೆಂಟಿನಿಂದ, ಇಲ್ಲವೇ ತೇವದಿಂದ. ಪ್ರೊಸೆಸರ್ ಆಯ್ಕೆ ತಪ್ಪಾಯಿತು ಅಂತ ಯಾರ ಪಿಸಿಯೂ ಸತ್ತಿದ್ದಿಲ್ಲ.

ಅಂಕೋಲಾದ ಗೆಳೆಯನೊಬ್ಬನ ಪಿಸಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡು ಕೂತರೆ ಆಗುತ್ತದೆ ಅಂತ ಅವನು ಸುಮ್ನೆ ಬಿಟ್ಟಿದ್ದ. ಮಲ್ಟಿಮೀಟರ್ ಇಟ್ಟು ನೋಡಿದೆ. ಕ್ಯಾಬಿನೆಟ್‌ನ ಸ್ಕ್ರೂಗೂ ನ್ಯೂಟ್ರಲ್‌ಗೂ ನಡುವೆ 108 ವೋಲ್ಟ್. ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡ್ ಬಿಚ್ಚಿದರೆ ಹಸಿರು ವೈರನ್ನು ಮಡಚಿ, ಟೇಪ್ ಸುತ್ತಿ, ಒಳಗೇ ತುರುಕಿದ್ದರು. ಅದು ಎಲ್ಲಿಗೂ ಹೋಗಿರಲಿಲ್ಲ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಯಾವಾಗಲೂ ಅರ್ಥ್ ವೈರಿಗೆ ಬಿಡುತ್ತಿರುತ್ತದೆ, ಆ ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನ ಮೈಮೇಲೇ ನಿಲ್ಲುತ್ತದೆ. ಹೊರಗಿನಿಂದ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ಜಾಸ್ತಿ ವೋಲ್ಟೇಜ್, ಬಂದರೂ ಇದೇ ಕಥೆ, ಹೋಗಲು ಜಾಗವಿಲ್ಲ. ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಥ್ ಇಲ್ಲದೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಇನ್ನೊಂದು. ನಮ್ಮ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ, ಏಪ್ರಿಲ್ ಬಂತೆಂದರೆ ಒಣಗಿ ಗಟ್ಟಿ. ಒಣಗಿದ ನೆಲದಲ್ಲಿ ಅರ್ಥಿಂಗ್ ಕುಗ್ಗುತ್ತದೆ. ಅದೂ ಸರಿಯಾಗಿ ಗುಡುಗು ಸಿಡಿಲು ಶುರುವಾಗುವ ಹೊತ್ತಿಗೇ. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದು ಕೊಡಪಾನ ನೀರು ಸುರಿಯಿರಿ. ಈ ಕೆಲಸಕ್ಕೆ ಒಳ್ಳೆ ಎಲೆಕ್ಟ್ರಿಷಿಯನ್ ಕರೆಯಿರಿ, ನೀವೇ ಕೈ ಹಾಕಬೇಡಿ.

ಸಿಡಿಲಿನ ವಿಷಯದಲ್ಲಿ ನನಗೂ ಪೆಟ್ಟು ಬಿದ್ದಿದೆ. ಒಂದು ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಪಿಸಿಯ ಪ್ಲಗ್ ತೆಗೆದಿದ್ದೆ. ಲ್ಯಾನ್ ಕೇಬಲ್ ತೆಗೆದಿರಲಿಲ್ಲ. ರೂಟರ್ ಇನ್ನೂ ಪ್ಲಗ್‌ನಲ್ಲೇ ಇತ್ತು. ಸಿಡಿಲು ಪಕ್ಕದ ತೆಂಗಿನಮರಕ್ಕೆ ಬಡಿಯಿತು, ರೂಟರ್ ಹೋಯಿತು, ಅದರ ಬೆನ್ನಿಗೆ ತಾಮ್ರದ ಲ್ಯಾನ್ ವೈರಿನಲ್ಲಿ ಬಂದು ಮದರ್‌ಬೋರ್ಡೂ ಹೋಯಿತು. ಫೈಬರ್ ನಮ್ಮನೆವರೆಗೆ ಬಂದಿದೆಯಲ್ಲ ಅಂತ ನಂಬಿ ಕೂರಬೇಡಿ. ಫೈಬರ್ ಗಾಜು, ಸರಿ, ಆದರೆ ರೂಟರಿನಿಂದ ಪಿಸಿಗೆ ಬರುವುದು ತಾಮ್ರ. ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ತೆಗೆಯಿರಿ.

ಈಗ ಎಸ್‌ಎಂಪಿಎಸ್. ಇಲ್ಲಿ ಉಳಿಸಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಎಟಿಎಕ್ಸ್ 3.0 ಅಥವಾ 3.1 ಸ್ಟ್ಯಾಂಡರ್ಡ್‌ನದು, ಗೋಲ್ಡ್ ರೇಟಿಂಗ್ (ಕರೆಂಟ್ ಕಡಿಮೆ ವ್ಯರ್ಥ ಮಾಡುವಂಥದ್ದು), 100ರಿಂದ 240 ವೋಲ್ಟ್‌ವರೆಗೆ ತಗೊಳ್ಳುವಂಥದ್ದು. ಸಂಜೆ ಎಲ್ಲರ ಮನೆಯ ಪಂಪ್ ಶುರುವಾದಾಗ ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದು ಹೊಸದಲ್ಲ, ಅಲ್ವಾ? ಇಂಥ ಎಸ್‌ಎಂಪಿಎಸ್ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಎಟಿಎಕ್ಸ್ 3 ಯಾಕೆ ಅಂದರೆ, ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ತಮ್ಮ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತವೆ. ಹಳೆಯ ಎಸ್‌ಎಂಪಿಎಸ್ ಅದಕ್ಕೆ ಹೆದರಿ ಆಫ್ ಆಗುತ್ತದೆ.

ಯುಪಿಎಸ್ ಕೊಳ್ಳುವಾಗ ಡಬ್ಬದ ಮೇಲಿನ ವಿಎ (ವೋಲ್ಟ್-ಆಂಪಿಯರ್) ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. ಎಷ್ಟೋ ಯುಪಿಎಸ್‌ಗಳಲ್ಲಿ 1000 ವಿಎ ಅಂದರೆ 600 ವ್ಯಾಟ್ ಅಷ್ಟೇ. ಮನೆಯ ಇನ್ವರ್ಟರ್ ಸಾಕಲ್ಲ ಅಂತಲೂ ಕೇಳುತ್ತಾರೆ. ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂಥದ್ದೇ ಕೊಡುವಂಥದ್ದು) ಆಗಿದ್ದು, ಪಿಸಿಯ ಲೋಡ್ ತಾಳುವಂತಿದ್ದು, ಯುಪಿಎಸ್ ಮೋಡ್‌ನಲ್ಲಿ ಇಟ್ಟಿದ್ದರೆ ಕೆಲವೊಮ್ಮೆ ನಡೆಯುತ್ತದೆ. ಆದರೆ ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ನಿಲ್ಲುವುದು ಪೂರ್ತಿ ಲೋಡ್‌ನಲ್ಲಿ ಸುಮಾರು 12ರಿಂದ 17 ಮಿಲಿಸೆಕೆಂಡ್. ಇನ್ವರ್ಟರ್ ಅಷ್ಟರೊಳಗೆ ಬಂದರೆ ಬಂತು. ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಮುಕ್ಕಾಲು ಆಗಿರುವಾಗ ಅದನ್ನು ಪರೀಕ್ಷೆ ಮಾಡುವುದು ಬೇಡ.

ಇನ್ನು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಸಲು, ಲೆನ್ಸಿಗೂ ಬೂಸಲು. ಪಿಸಿಗೆ ಬರುವುದು ಕಿಲುಬು. ಕಳೆದ ವರ್ಷ ಒಂದು ಯಂತ್ರ ಬಂತು, ಆನ್ ಆಗುತ್ತದೆ, ಸ್ಕ್ರೀನ್ ಬರುವುದಿಲ್ಲ. ಮಾಲೀಕರು ಎರಡು ತಿಂಗಳು ಊರಲ್ಲಿರಲಿಲ್ಲ. ಒಳಗೆ ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಬ್ರಾಕೆಟ್ ಮೇಲೆ ಕೆಂಪು ತುಕ್ಕು, ಹೀಟ್‌ಸಿಂಕ್‌ನ ತಾಮ್ರದ ಪೈಪ್ ಮೇಲೆ ಹಸಿರು ಕಿಲುಬು, ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ. ರ‍್ಯಾಮ್ ತೆಗೆದು, ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ ಮೇಲೆ ಸ್ಕ್ರೀನ್ ಬಂತು. ಎಲ್ಲರಿಗೂ ಇಷ್ಟಕ್ಕೇ ಮುಗಿಯುವುದಿಲ್ಲ.

ಹಳೆಯ ಮನೆಗಳಲ್ಲಿ ಬಟ್ಟೆಯ ಕಪಾಟಿನೊಳಗೆ ಒಂದು ಬಲ್ಬ್ ಉರಿಸಿಡುತ್ತಿದ್ದದ್ದು ನೆನಪಿದೆಯಾ? ಪಿಸಿಗೂ ಅದೇ ಉಪಾಯ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಒಂದು ಗಂಟೆ ಆನ್ ಮಾಡಿ. ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಎಸಿ ರೂಮ್ ಆದರೆ 20 ಡಿಗ್ರಿಗೆ ಇಟ್ಟು, ಆಮೇಲೆ ಒಮ್ಮೆಲೇ ಕಿಟಕಿ ತೆಗೆಯಬೇಡಿ. ತಣ್ಣಗಿನ ಲೋಹದ ಮೇಲೆ ಹೊರಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ. ಕ್ಯಾಬಿನೆಟ್‌ಗೆ ಎಲ್ಲ ಕಡೆ ತೆಗೆಯಲು ಬರುವ ಸಣ್ಣ ಜಾಲರಿ ಇರಲಿ, ಗಾಳಿ ಬರುವ ತೂತುಗಳೇ ಇರುವೆ ಹಲ್ಲಿಗಳಿಗೂ ಬಾಗಿಲು. ಮತ್ತೆ, ಲಿಕ್ವಿಡ್ ಕೂಲರ್ ಬೇಡ, ದೊಡ್ಡ ಏರ್ ಕೂಲರ್ ಹಾಕಿ. ಕೆಟ್ಟರೆ ಅದರ ಫ್ಯಾನ್ ಕೆಡುತ್ತದೆ, ಹೊಸ ಫ್ಯಾನ್ ಎರಡು ದಿನದಲ್ಲಿ ಸಿಗುತ್ತದೆ. ಲಿಕ್ವಿಡ್ ಕೂಲರಿನ ಪಂಪ್ ಕೆಟ್ಟರೆ ವಾರಂಟಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು, ಕೆಲಸ ನಿಂತಿರುತ್ತದೆ.

ಪ್ರೊಸೆಸರ್‌ಗೆ ಈಗ ಬರೋಣ. ನಿಮ್ಮ ದಿನ ಹೇಗೆ ಹೋಗುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಗೇಮ್ ಮುಖ್ಯ, ಎಡಿಟಿಂಗ್ ಸ್ವಲ್ಪ ಅಂದರೆ ಎಎಂಡಿಯ ರೈಜನ್ 7 9800ಎಕ್ಸ್3ಡಿ. ಎಂಟೇ ಕೋರ್, ಆದರೆ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವುದರಿಂದ ಗೇಮ್‌ನಲ್ಲಿ ಅದರ ಓಟವೇ ಬೇರೆ. ತ್ರೀಡಿ ರೆಂಡರೂ ಬೇಕು, ಗೇಮೂ ಬೇಕು, ದುಡ್ಡೂ ಇದೆ ಅಂದರೆ 16 ಕೋರಿನ 9950ಎಕ್ಸ್3ಡಿ. ಮದುವೆ ವಿಡಿಯೋದವರೇ, ನಿಮಗೆ ಬೇರೆ ಮಾತಿದೆ. ನಿಮ್ಮ ಕ್ಯಾಮೆರಾ 10 ಬಿಟ್ 4:2:2 ಎಚ್‌ಇವಿಸಿ (ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಕುಗ್ಗಿಸಿದ) ಫೈಲ್ ಕೊಡುತ್ತಿದ್ದರೆ ಟೈಮ್‌ಲೈನ್ ತಡವರಿಸುವುದಕ್ಕೆ ಕೋರ್ ಕಡಿಮೆ ಇರುವುದೇ ಕಾರಣ ಅಲ್ಲ, ಆ ಫೈಲನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲದಿರುವುದು ಕಾರಣ. ಇಂಟೆಲ್‌ನ ಈಚಿನ ಪ್ರೊಸೆಸರ್‌ಗಳ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಅದನ್ನು ಬಿಡಿಸುತ್ತದೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಅದು ಬಂದದ್ದು 2025ರ 50 ಸರಣಿಯಲ್ಲಿ. ಅಂದರೆ 50 ಸರಣಿಯ ಕಾರ್ಡ್ ಹಾಕಿದರೆ ಯಾವ ಪ್ರೊಸೆಸರ್ ಆದರೂ ನಡೆಯುತ್ತದೆ, ಹಳೆಯ ಕಾರ್ಡನ್ನೇ ಉಳಿಸಿಕೊಳ್ಳುವುದಾದರೆ ಗ್ರಾಫಿಕ್ಸ್ ಒಳಗೇ ಇರುವ ಇಂಟೆಲ್‌ನ ಕೋರ್ ಅಲ್ಟ್ರಾ 7 265ಕೆ ತಗೊಳ್ಳಿ.

ಕಾರ್ಡ್ ವಿಷಯದಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಆರ್‌ಟಿಎಕ್ಸ್ 5070 ಟಿಐ. 16 ಜಿಬಿ ಮೆಮೊರಿ, 300 ವ್ಯಾಟ್. 850 ವ್ಯಾಟ್‌ನ ಎಸ್‌ಎಂಪಿಎಸ್ ಸಾಕು. 5090ಕ್ಕೆ 32 ಜಿಬಿ ಇದೆ ನಿಜ, ಆದರೆ ಅದೊಂದೇ 575 ವ್ಯಾಟ್ ಎಳೆಯುತ್ತದೆ. ಆ ಬಿಸಿಯೆಲ್ಲ ನಿಮ್ಮ ರೂಮಿನಲ್ಲೇ ಉಳಿಯುತ್ತದೆ, ಮೇ ತಿಂಗಳ ಕಾರವಾರದಲ್ಲಿ. ಬ್ಲೆಂಡರ್‌ನಲ್ಲಿ ದೊಡ್ಡ ದೊಡ್ಡ ಸೀನ್ ಮಾಡಿ ಅದರಿಂದಲೇ ಊಟ ಮಾಡುವವರು ಬಿಟ್ಟರೆ ಬೇರೆಯವರಿಗೆ ನಾನು ಹೇಳುವುದಿಲ್ಲ. ಈ ಕಾರ್ಡ್‌ಗಳ ಹದಿನಾರು ಪಿನ್ನಿನ ಪವರ್ ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್ ಬಂದಾಗ ಈ ಕನೆಕ್ಟರ್ ಕರಗಿದ ಸುದ್ದಿ ಎಲ್ಲ ಕಡೆ ಬಂದಿತ್ತು, ಸಡಿಲವಾಗಿ ಕೂತದ್ದೂ ಒಂದು ಕಾರಣವಾಗಿತ್ತು.

ರ‍್ಯಾಮ್ ಎರಡೇ ಕಡ್ಡಿ. 32ರದ್ದು ಎರಡು, ಡಿಡಿಆರ್5-6000 (6000 ಅಂದರೆ ವೇಗ), ಸಿಎಲ್30 (ಸ್ಪಂದಿಸುವ ತಡ, ಕಡಿಮೆ ಇದ್ದಷ್ಟೂ ಒಳ್ಳೆಯದು). ಈಗ 32 ಹಾಕಿ ಮುಂದೆ ಇನ್ನೆರಡು ಸೇರಿಸೋಣ ಅಂತ ಲೆಕ್ಕ ಹಾಕಬೇಡಿ. ರೈಜನ್ 9000ದಲ್ಲಿ ನಾಲ್ಕು ಕಡ್ಡಿಗೆ ಎಎಂಡಿ ಭರವಸೆ ಕೊಡುವ ವೇಗ 3600 ಮಾತ್ರ. 2025ರ ಕೊನೆಯಿಂದ ಏಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ವಿಪರೀತ ಏರಿದೆ, ಗೊತ್ತು, ಹೊಟ್ಟೆ ಉರಿಯುತ್ತದೆ. ಆದರೂ ಗೇಮ್‌ಗೆ ಮಾತ್ರ ಆದರೆ 32 ಸಾಕು, ಎಡಿಟಿಂಗ್‌ಗೆ 64 ಬೇಕು. ಬೇಕಾದರೆ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಫೈಲ್ ಇಡುವ ಎಸ್‌ಎಸ್‌ಡಿ ಜೆನ್ 4 (ಅದರ ವೇಗದ ತಲೆಮಾರು), ಟಿಎಲ್‌ಸಿ (ಅದರ ಮೆಮೊರಿಯ ಬಗೆ), 2 ಟಿಬಿ. ಜೆನ್ 5 ನಿಮಗೆ ಕಾಣುವಷ್ಟು ಏನೂ ಬದಲಿಸುವುದಿಲ್ಲ.

ಎಲ್ಲಿ ತಗೊಳ್ಳುವುದು? ಹುಬ್ಬಳ್ಳಿ, ಮಡಗಾಂವ್, ಬೆಂಗಳೂರಿನ ಎಸ್‌ಪಿ ರೋಡ್, ಆನ್‌ಲೈನ್, ಎಲ್ಲಾದರೂ ಸರಿ. ಪಕ್ಕಾ ಬಿಲ್ ಇರಲಿ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆದಿರಲಿ. ಜಿಎಸ್‌ಟಿ ನಂಬರ್ ಇರುವವರು ಅದನ್ನೂ ಹಾಕಿಸಿ, ಕಟ್ಟಿದ 18 ಪರ್ಸೆಂಟ್ ತೆರಿಗೆಯನ್ನು ಲೆಕ್ಕದಲ್ಲಿ ಹಿಂಪಡೆಯಬಹುದು, ಅದು ಸಣ್ಣ ಮೊತ್ತ ಅಲ್ಲ. ಅಂಗಡಿಯಲ್ಲೇ ಅಸೆಂಬಲ್ ಮಾಡಿಸಿ ಕಾರಿನಲ್ಲಿ ತರುವುದಾದರೆ ಹೊರಡುವ ಮೊದಲು ಗ್ರಾಫಿಕ್ಸ್ ಕಾರ್ಡ್ ಮತ್ತು ಕೂಲರ್ ಎರಡನ್ನೂ ಬಿಚ್ಚಿ, ಅವುಗಳ ಡಬ್ಬಕ್ಕೇ ಹಾಕಿಕೊಳ್ಳಿ. ಒಂದೂವರೆ ಎರಡು ಕಿಲೋ ತೂಗುವ ಕಾರ್ಡ್ ಒಂದು ಪ್ಲಾಸ್ಟಿಕ್ ಸ್ಲಾಟಿಗೆ, ಎರಡು ಸ್ಕ್ರೂಗೆ ನೇತಾಡುತ್ತಾ ಹುಬ್ಬಳ್ಳಿ ದಾರಿಯ ಅರಬೈಲು ಘಟ್ಟದ ತಿರುವುಗಳನ್ನೆಲ್ಲ ಇಳಿದು ಬರಬಾರದು. ಮನೆಗೆ ಬಂದ ಮೇಲೆ ಕೂರಿಸಲು ಕಾಲು ಗಂಟೆ ಸಾಕು. ಕೂಲರ್ ಮತ್ತೆ ಕೂರಿಸುವಾಗ ಪ್ರೊಸೆಸರ್ ಮೇಲೆ ಹಚ್ಚಲು ಥರ್ಮಲ್ ಪೇಸ್ಟ್ ಒಂದು ಟ್ಯೂಬ್ ಅಂಗಡಿಯಲ್ಲೇ ಕೇಳಿ ತಗೊಂಡು ಬನ್ನಿ.