ಹನ್ನೆರಡು ಸೀವಾಳಿ, ಒಂದು ಹಟಮಾರಿ ಷಡ್ಜ

ಗುರುಪೂರ್ಣಿಮೆಗೆ ಇನ್ನು ಮೂರು ವಾರ. ಕೈವಾರದಲ್ಲಿ 72 ಗಂಟೆ ಬಿಡದೆ ನಡೆಯುವ ಸಂಗೀತೋತ್ಸವಕ್ಕೆ ಹೊರಡುವ ಹವ್ಯಾಸಿ ನಾಗಸ್ವರದವರು ಸೀವಾಳಿಗಳ, ಎಂದರೆ ತುಟಿಗಿಟ್ಟು ಊದುವ ಜೊಂಡಿನ ಪೀಪಿಗಳ, ಕಟ್ಟು ಬಿಚ್ಚಿ ನೋಡುವ ಕಾಲ ಇದು. ಕಳೆದ ಎರಡು ತಿಂಗಳು ಕಾಡಿದ ತೊಂದರೆ ಈ ವಾರ ಬಗೆಹರಿಯಿತು. ಲೆಕ್ಕ ಕೈಯಲ್ಲಿರುವಾಗಲೇ ಬರೆದಿಡುವುದು ಒಳ್ಳೆಯದು.

ತೊಂದರೆ ಇಷ್ಟು. ಎರಡೂವರೆ ಮನೆ ಶ್ರುತಿಯ ಬಾರಿ ನಾಗಸ್ವರ (ಉದ್ದದ್ದು, ತಗ್ಗು ಶ್ರುತಿಯದು), ಹೊಸ ಸೀವಾಳಿ. ಮಧ್ಯಸ್ಥಾಯಿಯ ಷಡ್ಜ ಶ್ರುತಿಪೆಟ್ಟಿಗೆಗೆ ಸರಿಯಾಗಿ ಕೂರುತ್ತದೆ. ಬೆರಳು ಅಲ್ಲೇ ಇಟ್ಟು ಉಸಿರು ಬಿಗಿ ಮಾಡಿ ಮೇಲಿನ ಷಡ್ಜಕ್ಕೆ ಹೋದರೆ ಅದು 22 ಸೆಂಟ್ ಏರಿ ನಿಲ್ಲುತ್ತದೆ (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್). ಒಬ್ಬರೇ ನುಡಿಸುವಾಗ ತುಟಿ ಸಡಿಲಿಸಿ ಇಳಿಸಿಕೊಳ್ಳಬಹುದು. ಹಲವರು ಒಟ್ಟಿಗೆ ನುಡಿಸುವ ಗೋಷ್ಠಿಯಲ್ಲಿ ಪಕ್ಕದವರ ಷಡ್ಜ 622 ಹರ್ಟ್ಜ್‌ನಲ್ಲಿ ನಿಂತಿದ್ದರೆ, 20 ಸೆಂಟ್ ವ್ಯತ್ಯಾಸಕ್ಕೇ ಸೆಕೆಂಡಿಗೆ ಏಳು ಸಲ ನಾದ ಅಲುಗುತ್ತದೆ. ಅದು ಡೋಲಿನ ಸದ್ದನ್ನೂ ದಾಟಿ ಕೇಳಿಸುತ್ತದೆ.

ತುಟಿಯಿಂದ ಸರಿಪಡಿಸುವುದರಲ್ಲಿ ಇನ್ನೂ ದೊಡ್ಡ ನಷ್ಟವಿದೆ. ನಾಗಸ್ವರದಲ್ಲಿ ಗಮಕ, ಎಂದರೆ ಸ್ವರದ ತೂಗಾಟ, ಹುಟ್ಟುವುದೇ ಬೆರಳಿನ ಜೊತೆಗೆ ತುಟಿ ಮತ್ತು ಉಸಿರಿನಿಂದ. ಷಡ್ಜವನ್ನು ಜಾಗಕ್ಕೆ ತರಲು ತುಟಿ ಆಗಲೇ ಅರ್ಧ ಸಡಿಲವಾಗಿದ್ದರೆ ತೋಡಿ ರಾಗದ ಗಾಂಧಾರ ತೂಗಲು ಉಳಿಯುವುದೇನು?

ಮೊದಲು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ. ಏಳು ಬೆರಳುರಂಧ್ರಗಳ ಕೆಳಗಿನ ಐದು ತೂತುಗಳಿಗೆ ಮೇಣ ತುಂಬಿ, ತೆಗೆದು, ಮತ್ತೆ ತುಂಬಿದ್ದಾಯಿತು. ಅದರಿಂದ ಅಲುಗುವುದು ಎಲ್ಲ ಬೆರಳೂ ಮುಚ್ಚಿದಾಗ ಬರುವ ಕೆಳಗಿನ ಸ್ವರಗಳು. ಅರ್ಧದಷ್ಟು ರಂಧ್ರ ತೆರೆದಿರುವ ಸ್ವರಕ್ಕೆ ತಳದ ಮೇಣ ಹೆಚ್ಚೇನೂ ಮಾಡುವುದಿಲ್ಲ. ಆಮೇಲೆ ಸೀವಾಳಿಯ ತುದಿ ಕತ್ತರಿಸುವ ಯೋಚನೆ. ತುದಿ ಕತ್ತರಿಸಿದರೆ ಶ್ರುತಿ ಏರುತ್ತದೆ, ಇಳಿಯುವುದಿಲ್ಲ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲೂ ಆಗದು. ಹಾಗೆ ಎರಡು ಸೀವಾಳಿ ಹಾಳಾದವು.

ಕಾರಣ ಇರುವುದು ವಾದ್ಯದ ಆಕಾರದಲ್ಲಿ. ನಾಗಸ್ವರದ ಒಳಗಂಡಿ ಶಂಕುವಿನ ಹಾಗೆ ಮೇಲೆ ಸಣ್ಣ, ಕೆಳಗೆ ಅಗಲ. ಶಂಕುವಿನ ಚೂಪು ತುದಿ ಮಾತ್ರ ಅಲ್ಲಿಲ್ಲ. ಅದನ್ನು ಕೊಯ್ದು ಆ ಜಾಗದಲ್ಲಿ ಸೀವಾಳಿಯನ್ನೂ, ಅದು ಕೂರುವ ಲೋಹದ ಕೊಳವೆಯನ್ನೂ ಇಟ್ಟಿದ್ದೇವೆ. ತಮಿಳು ಕಸುಬುದಾರರು ಕೆಂಡೈ ಎನ್ನುವುದು ಈ ಕೊಳವೆಯನ್ನೇ. ಕೊಯ್ದ ತುದಿ ಹಿಡಿಯಬೇಕಿದ್ದಷ್ಟೇ ಗಾಳಿಯನ್ನು ಈ ಎರಡೂ ಸೇರಿ ಹಿಡಿದರೆ ಮಧ್ಯದ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಕಂಪನದ ಲೆಕ್ಕ ಸರಿಯಾಗಿ ಒಂದಕ್ಕೆರಡು. ಗಾಳಿಯ ಜಾಗ ಕಡಿಮೆಯಾದರೆ ಮೇಲಿನದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಸೀವಾಳಿ ಗಡುಸಾಗಿದ್ದರೂ ಜಾಗ ಕಡಿಮೆಯಾದಂತೆಯೇ. ಮೆತ್ತನೆಯದು ಗಾಳಿಯ ಒತ್ತಡಕ್ಕೆ ಬಾಗಿಕೊಡುವುದರಿಂದ ಅಳತೆಗಿಂತ ಹೆಚ್ಚು ಜಾಗವಿದ್ದಂತೆ ವರ್ತಿಸುತ್ತದೆ. ಗಡುಸು ಸೀವಾಳಿ ಮೇಲಿನ ಸ್ಥಾಯಿಯಲ್ಲಿ ಚೀರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ತಿಳಿದ ಮೇಲೆ ಅಳೆಯದೆ ಬೇರೆ ದಾರಿ ಇರಲಿಲ್ಲ. ಔಷಧಿ ಅಂಗಡಿಯ ಇನ್ಸುಲಿನ್ ಸಿರಿಂಜ್ ಸಾಕು, 1 ಮಿ.ಲೀ.ಗೆ 100 ಗೆರೆ ಇರುವುದು ಬೇಕು. ಒಂದು ಗೆರೆ ಎಂದರೆ 10 ಘನ ಮಿ.ಮೀ. ಸೀವಾಳಿಯನ್ನು ಮೊದಲೇ ನೆನೆಸಿಡಿ, ಒಣಗಿದ್ದರೆ ಅದೇ ನೀರು ಕುಡಿದು ಲೆಕ್ಕ ತಪ್ಪಿಸುತ್ತದೆ. ತುದಿಯನ್ನು ಬೆರಳಲ್ಲಿ ಹಿಚುಕಬೇಡಿ, ಹೊಟ್ಟೆ ಚಪ್ಪಟೆಯಾಗುತ್ತದೆ. ಚಪಾತಿಗೆ ಕಲಸಿದ ಗಟ್ಟಿ ಹಿಟ್ಟನ್ನು ತುದಿಗೆ ಮೆತ್ತಿದರೆ ನೀರು ನಿಲ್ಲುತ್ತದೆ. ಕೊಳವೆಯ ಕೆಳಬಾಯಿಯಿಂದ ಹನಿಹನಿಯಾಗಿ ತುಂಬಿ, ಉಗುರಲ್ಲಿ ತಟ್ಟಿ ಗುಳ್ಳೆ ಹೊರಡಿಸಿ, ಅಂಚಿನವರೆಗೆ ಬಂದಾಗ ಗೆರೆ ನೋಡಿ. ಮೂರು ಸಲ ಅಳೆದು ನಡುವಿನ ಸಂಖ್ಯೆ ಹಿಡಿಯಿರಿ.

ಅದೇ ಕೊಳವೆಗೆ ಹಳೆಯ, ನಂಬಿಕೆಯ ಸೀವಾಳಿ ಹಾಕಿ ಅಳೆದದ್ದಕ್ಕಿಂತ ಹೊಸದು ಹಾಕಿದಾಗ 6 ಗೆರೆ ಕಡಿಮೆ ಬಂತು. 60 ಘನ ಮಿ.ಮೀ. ಖೋತಾ! ಅಳತೆಪಟ್ಟಿ ಹಿಡಿದರೆ ತುದಿಯ ಅಗಲದಲ್ಲಿ 2 ಮಿ.ಮೀ. ವ್ಯತ್ಯಾಸ. ಬಾರಿಯದೆಂದು ಬೆಲೆ ತೆಗೆದುಕೊಂಡು ಕಳಿಸಿದ ಡಜನ್‌ನಲ್ಲಿ ಏಳು ಸೀವಾಳಿ ತಿಮಿರಿಯ ಅಳತೆಯವು. ತಿಮಿರಿ ಗಿಡ್ಡ ವಾದ್ಯ, ಶ್ರುತಿ ಎತ್ತರ, ಅದಕ್ಕೆ ಸಣ್ಣ ಸೀವಾಳಿಯೇ ಸರಿ. ನಾಗಸ್ವರ ವಿದ್ವಾಂಸ ಟಿ.ಎನ್. ರಾಜರತ್ನಂ ಪಿಳ್ಳೆಯವರು ಬಾರಿಯನ್ನು ಮನೆಮಾತು ಮಾಡಿ ಎಷ್ಟೋ ಕಾಲವಾಯಿತು. ಮಾರುವವರು ಈಗಲೂ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಕಳಿಸುವುದು ನ್ಯಾಯವಲ್ಲ. ಅಂಚೆಯಲ್ಲಿ ತರಿಸುವವರು ತುದಿಯ ಅಗಲವನ್ನು ಮಿ.ಮೀ.ನಲ್ಲಿ ಬರೆದು ಕೇಳಿ. "ಬಾರಿಗೆ ಕಳಿಸಿ" ಎಂದರೆ ಸಾಲದು.

ಏಳನ್ನೂ ಎಸೆಯಲು ಮನಸ್ಸಿಲ್ಲ. ಜೊಂಡು ಒಳ್ಳೆಯದು, ನಾದ ತುಂಬಿದೆ. 60 ಘನ ಮಿ.ಮೀ. ಜಾಗವನ್ನು ಬೇರೆಲ್ಲಿಂದಾದರೂ ತರಬೇಕು. ಸುಲಭದ ದಾರಿ, ಕೊಳವೆಗೆ ದಾರ ಸುತ್ತಿ ಸೀವಾಳಿಯನ್ನು ಹೊರಗೆ ಕೂರಿಸುವುದು. ಒಳವ್ಯಾಸ 4 ಮಿ.ಮೀ. ಎಂದಿಟ್ಟುಕೊಂಡರೆ 1 ಮಿ.ಮೀ. ಎಳೆದದ್ದಕ್ಕೆ ಸಿಗುವುದು ಹನ್ನೆರಡೂವರೆ ಘನ ಮಿ.ಮೀ. ಪೂರ್ತಿ ಖೋತಾ ತುಂಬಲು ಸುಮಾರು 5 ಮಿ.ಮೀ. ಎಳೆಯಬೇಕು. ಎರಡೂವರೆ ಮನೆಯ ಷಡ್ಜ 311 ಹರ್ಟ್ಜ್, ಅದರ ಅರ್ಧ ತರಂಗದ ಉದ್ದ ಸುಮಾರು 55 ಸೆಂ.ಮೀ. 5 ಮಿ.ಮೀ. ಎಂದರೆ ಷಡ್ಜವೇ 15 ಸೆಂಟ್ ಕುಸಿಯುತ್ತದೆ. ಮೇಲುಗಡೆಯ ರಂಧ್ರಗಳ ಸ್ವರ ಇನ್ನೂ ಹೆಚ್ಚು ಕುಸಿಯುತ್ತವೆ, ಏಕೆಂದರೆ ಅವುಗಳ ನಾಳ ಗಿಡ್ಡ. ಒಂದನ್ನು ಸರಿಮಾಡಲು ಹೋಗಿ ಸಪ್ತಕವನ್ನೇ ಕೆಡಿಸಿದ ಹಾಗೆ.

ಉತ್ತರ ಸಿಕ್ಕಿದ್ದು ಕೊಳವೆಯ ಅಗಲದಲ್ಲಿ. ಉದ್ದ 45 ಮಿ.ಮೀ., ಸರಾಸರಿ ಒಳವ್ಯಾಸ 4. ವ್ಯಾಸ 4.2 ಆದರೆ 58 ಘನ ಮಿ.ಮೀ. ಜಾಗ ಹೆಚ್ಚುತ್ತದೆ, ಉದ್ದ ಒಂದಿಷ್ಟೂ ಬದಲಾಗುವುದಿಲ್ಲ. ಅಂದರೆ ಒಳಗೋಡೆಯಿಂದ ಸುತ್ತಲೂ 0.1 ಮಿ.ಮೀ. ತೆಗೆದರೆ ಆಯಿತು. ಹಾಳಾದರೂ ಪರವಾಗಿಲ್ಲ ಎನ್ನುವ ಇನ್ನೊಂದು ಹಿತ್ತಾಳೆ ಕೊಳವೆ ತೆಗೆದುಕೊಂಡು, ಸೈಕಲ್ ಚಕ್ರದ ಕಡ್ಡಿಗೆ 400 ನಂಬರಿನ ಉಪ್ಪುಕಾಗದ ಸುತ್ತಿ, ಕೆಳಬಾಯಿಯಿಂದ ತಿರುಗಿಸುತ್ತ ಉಜ್ಜಬೇಕು. ಸೀವಾಳಿ ಕೂರುವ ತುದಿಯ 8 ಮಿ.ಮೀ. ಮುಟ್ಟಬಾರದು, ಅಲ್ಲಿ ಗೋಡೆ ತೆಳು. ಪ್ರತಿ ಐವತ್ತು ತಿರುವಿಗೊಮ್ಮೆ ತೊಳೆದು ಸಿರಿಂಜಿನಿಂದ ಅಳೆಯಬೇಕು. ಕೊನೆಗೆ 1000 ನಂಬರಿನ ಕಾಗದದಲ್ಲಿ ನುಣುಪು ಮಾಡಿ, ಹುಣಸೆಹಣ್ಣಿನಲ್ಲಿ ತೊಳೆದು ಒಣಗಿಸಬೇಕು. ಒಂದು ಕೊಳವೆಗೆ ಎರಡು ಸಂಜೆ ಹಿಡಿಯಿತು.

ಫಲ: ಏರಿಕೆ 22 ಸೆಂಟ್‌ನಿಂದ 7ಕ್ಕೆ ಇಳಿಯಿತು. ಉಳಿದದ್ದಕ್ಕೆ ನಾಲ್ಕು ಸುತ್ತು ಹತ್ತಿದಾರ ಸಾಕಾಯಿತು. 1 ಮಿ.ಮೀ. ಹೊರಗೆ ಕೂತ ಸೀವಾಳಿಯಲ್ಲಿ ಮೇಲಿನ ಷಡ್ಜ ತುಟಿಯ ಹಂಗಿಲ್ಲದೆ ನಿಂತಾಗ ಆದ ಸಂತೋಷ ದೊಡ್ಡದು.

ದಾರ ಸುತ್ತಿದ ಮೇಲೆ ಸೋರಿಕೆ ನೋಡುವುದನ್ನು ಮರೆಯಬೇಡಿ. ಕೊಳವೆಯ ಕೆಳಬಾಯಿಗೆ ಬೆರಳಿಟ್ಟು ಊದಿದರೆ ದಾರದ ಸಂದಿನಲ್ಲಿ ಗಾಳಿ ಸೋರಬಾರದು. ಸೋರಿದರೆ ಜೇನುಮೇಣ ಸವರಿ. ಸೋರುವ ಕೊಳವೆಯಲ್ಲಿ ತೆಗೆದುಕೊಂಡ ಯಾವ ಅಳತೆಯೂ ನಿಜವಲ್ಲ.

ಉತ್ಸವದ ಹವೆಯದು ಬೇರೆ ಲೆಕ್ಕ. ಆಷಾಢದಲ್ಲಿ ಕೈವಾರವಿರುವ ಚಿಂತಾಮಣಿ ಕಡೆ ಹಗಲಿನ ಸೆಕೆಗೂ ಬೆಳಗಿನ ಜಾವದ ತಂಪಿಗೂ 8 ಡಿಗ್ರಿಯಷ್ಟು ಅಂತರ ಸುಲಭವಾಗಿ ಬರುತ್ತದೆ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ; ಕಾಗದದ ಮೇಲೆ 24 ಸೆಂಟ್. ನುಡಿಸುತ್ತಿದ್ದರೆ ಉಸಿರಿನ ಬಿಸಿ ಇದರ ಬಹುಪಾಲನ್ನು ಸರಿದೂಗಿಸುತ್ತದೆ. ಮೋಸಹೋಗುವುದು ಮೊದಲ ಹತ್ತು ನಿಮಿಷದಲ್ಲಿ. ಹಗಲೂ ರಾತ್ರಿ ನಡೆಯುವ ಉತ್ಸವದಲ್ಲಿ ಸರದಿ ನಸುಕಿನಲ್ಲೂ ಬಂದೀತು. ವಾದ್ಯವನ್ನು ಶಾಲಿನಲ್ಲಿ ಸುತ್ತಿ ಮೈಗೆ ಒತ್ತಿಕೊಂಡಿರಿ, ರಂಧ್ರ ಮುಚ್ಚಿ ಸದ್ದಿಲ್ಲದೆ ಬಿಸಿ ಉಸಿರು ಬಿಡುತ್ತಿರಿ. ತಣ್ಣಗಿನ ವಾದ್ಯಕ್ಕೆ ಕೊಳವೆ ಒಳಗೆ ತಳ್ಳಿ ಶ್ರುತಿ ಕೂರಿಸಿದರೆ ಎರಡನೇ ಕೀರ್ತನೆಯ ಹೊತ್ತಿಗೆ ಎಲ್ಲವೂ ಏರಿರುತ್ತದೆ.

ಸೀವಾಳಿಯನ್ನು ಸರದಿಗೆ ಒಂದು ಗಂಟೆ ಮುಂಚೆಯೇ ನೀರಿಗೆ ಹಾಕಿ ಕೂರುವವರಿದ್ದಾರೆ. ಬೇಡ. ಹೆಚ್ಚು ನೆನೆದರೆ ಬಾಯಿ ಅಗಲವಾಗಿ ಉಸಿರು ತಿನ್ನುತ್ತದೆ, ಶ್ರುತಿ ಜಾರುತ್ತದೆ. ಮಳೆಗಾಲದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ, ಆಮೇಲೆ ಬಾಯಲ್ಲೇ ಇಟ್ಟುಕೊಳ್ಳುವುದು ಸಾಕು. ಬಾಯಿ ತೆರೆದುಕೊಂಡಿದ್ದರೆ ಎರಡು ನುಣುಪು ಮರದ ಪಟ್ಟಿಯ ನಡುವೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಮೂರು ಸೀವಾಳಿ ಸಿದ್ಧವಿರಲಿ, ಮೂರಕ್ಕೂ ಅದರದರ ಕೊಳವೆ ಜೊತೆಗಿರಲಿ, ದಾರದ ಬಣ್ಣ ಬೇರೆಬೇರೆ ಇರಲಿ. ಕತ್ತಲಲ್ಲಿ ಅದಲುಬದಲಾದರೆ ಮಾಡಿದ್ದೆಲ್ಲ ನೀರಿಗೆ ಹೋದಂತೆ. ಗೋಷ್ಠಿ ಎರಡು ಮನೆಯೋ ಎರಡೂವರೆಯೋ ಮೊದಲೇ ಕೇಳಿಕೊಳ್ಳಿ: ಆ ಅರ್ಧ ಮನೆ 100 ಸೆಂಟ್, ಅದಕ್ಕೆ ಬೇರೆ ವಾದ್ಯವೇ ಬೇಕು.

ಉಳಿದ ತಿಮಿರಿ ಸೀವಾಳಿಗಳನ್ನು ನೋಡುತ್ತಿದ್ದರೆ ಇನ್ನೊಂದು ಕೆಲಸ ಕರೆಯುತ್ತಿದೆ: ಮುಖವೀಣೆ. ತುಮಕೂರು ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರ ಹಾಡಿಗೆ ಜೊತೆಕೊಡುವ ಆ ಪುಟ್ಟ ವಾದ್ಯವೂ ಇದೇ ಶಂಕುವಿನ ಕುಲದ್ದು. ಗಿಡ್ಡ ವಾದ್ಯದಲ್ಲಿ ಕೊಯ್ದ ತುದಿಯೂ ಸಣ್ಣದು, ಹಾಗಾಗಿ ಸಿರಿಂಜಿನ ಒಂದೊಂದು ಗೆರೆಯೂ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಒಳಗಂಡಿಗೆ 4, 6, 8 ಮಿ.ಮೀ. ಬೈರಿಗೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಹಳೆಯ ಗರಗಸದ ಅಲಗನ್ನು ಶಂಕುವಿನ ಓರೆಗೆ ಉಜ್ಜಿ ಅದರಿಂದಲೇ ಮೆಟ್ಟಿಲು ಹೆರೆಯುವ ಯೋಚನೆ. ಅಲಗು ಸಿಕ್ಕಿದೆ. ಕಡೆಯುವವರಲ್ಲಿ ಒಣಗಿದ ಮರದ ತುಂಡು ಕೇಳಿದ್ದಾಗಿದೆ. ಹಸಿಮರ ಕೊಟ್ಟರೆ ಕೊರೆದ ಗಂಡಿ ಒಣಗುತ್ತ ಅಂಡಾಕಾರವಾಗುತ್ತದೆ, ಅದಕ್ಕೇ ತೂಕ ಬರೆದಿಟ್ಟುಕೊಂಡು ಹದಿನೈದು ದಿನ ಬಿಟ್ಟು ಮತ್ತೆ ತೂಗಿ, ಇಳಿಯುವುದು ನಿಂತ ಮೇಲೆಯೇ ಬೈರಿಗೆ ಇಡುವುದು.