ಎರಡು ಸ್ಪೂಲ್ ಯಂತ್ರ, ಒಂದು ಸೊಪ್ಪಿನ ಕೂಗು: ಕೊನೆಗೂ ಹದಕ್ಕೆ ಬಂದ ಜಾರಾಟ

ಬಂತು! ನನ್ನ ಎರಡೂ ಸ್ಪೂಲ್ ಟೇಪ್ ರೆಕಾರ್ಡರುಗಳು ಸೊಪ್ಪು ಮಾರುವವರ ಒಂದೇ ಕೂಗನ್ನು ಒಟ್ಟಿಗೆ ಶುರುಮಾಡಿ, ಕೂದಲೆಳೆಯಷ್ಟಾಗಿ ಬೇರೆಯಾಗಿ, ಸುಮಾರು 17 ನಿಮಿಷದ ನಂತರ ಮತ್ತೆ ಕೂಡಿಕೊಂಡವು.

ಹೆಡ್ ಒರೆಸಿದ್ದು, ಕೆಪಾಸಿಟರ್ ಬದಲಿಸಿದ್ದು, ಬೆಂಗಳೂರಿನ ಗಾಂಧಿ ಬಜಾರಿನ ಸೊಪ್ಪಿನಮ್ಮನನ್ನು ಕೇಳಿ ಅವರ ಕೂಗನ್ನು ಮುದ್ರಿಸಿಕೊಂಡದ್ದು ಎಲ್ಲ ಮಾಮೂಲಿ ಕೆಲಸವೇ. ತಂಟೆ ಮಾಡಿದ್ದು ಯಂತ್ರ ತಿರುಗಿಸುವ ಬೆಲ್ಟು, ನೇರವಾಗಿ ಅಲ್ಲಿಗೆ ಬರುತ್ತೇನೆ.

ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೈಶ್ 1965ರಲ್ಲಿ ‘ಇಟ್ಸ್ ಗೊನ್ನ ರೇನ್’ ಎಂಬ ಟೇಪ್ ಕೃತಿ ಮಾಡಿದ್ದು ಇಂಥದೇ ಸಾಮಾನಿನಿಂದ. ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರಿನ ಬೀದಿ ಬೋಧಕನ ಮಾತನ್ನು ಲೂಪ್ (ತುದಿಗೆ ತುದಿ ಅಂಟಿಸಿದ, ಸುತ್ತುತ್ತಲೇ ಇರುವ ಟೇಪು) ಮಾಡಿ ಎರಡು ಯಂತ್ರಗಳಿಗೆ ಹಾಕಿದರು. ಅವು ಜೊತೆ ಬಿಟ್ಟು ಜಾರಿದವು: ಒಂದು ಇನ್ನೊಂದಕ್ಕಿಂತ ಚೂರುಚೂರೇ ಮುಂದೆ ಹೋಯಿತು. ಆ ಜಾರಾಟವನ್ನೇ ಅವರು ರಚನಾವಿಧಾನ ಮಾಡಿಕೊಂಡರು. ಅವರ ಯಂತ್ರಗಳು ಸಾವಧಾನವಾಗಿ ಜಾರಿದವು. ನನ್ನವು ನಾಲ್ಕೇ ನಿಮಿಷದಲ್ಲಿ ಪೂರ್ತಿ ಸುತ್ತು ಮುಗಿಸಿ ಮುಖ ನೋಡುತ್ತಿದ್ದವು.

ಎಸ್.ಪಿ. ರಸ್ತೆಯ ಅಂಗಡಿಯಾತ ‘ಎರಡೂ ಒಂದೇ ಅಳತೆ ಸಾರ್’ ಎಂದು ಕೊಟ್ಟ ಬೆಲ್ಟುಗಳಲ್ಲಿ ಒಂದರ ದಪ್ಪ 0.6 ಮಿಲಿಮೀಟರ್, ಇನ್ನೊಂದರದು 0.7. ಬದಲಿಸಿ ಕೊಡಿ ಎಂದರೆ ಹೊಲಿಗೆ ಯಂತ್ರದ ಬೆಲ್ಟು ತೋರಿಸಿದ! ಮೋಟಾರಿನ 10 ಮಿಲಿಮೀಟರ್ ಪುಲ್ಲಿಯ ಮೇಲೆ ದಪ್ಪ ಬೆಲ್ಟು ಕೂತರೆ ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಕಡ್ಡಿ) ಸುಮಾರು 0.8 ಶೇಕಡಾ ವೇಗವಾಗಿ ತಿರುಗುತ್ತದೆ. ಕೂಗಿನ ಉದ್ದ 2 ಸೆಕೆಂಡು. 125 ಸುತ್ತಿಗೆ ಒಂದು ಯಂತ್ರ ಇಡೀ ಒಂದು ಕೂಗು ಮುಂದಾಗಿ ಆಟ ಮುಗಿಯಿತು. ಪುಲ್ಲಿಯನ್ನು ಉಜ್ಜೋಣವೆಂದರೆ ಈ ಯಂತ್ರಕ್ಕೆ ಇನ್ನೊಂದು ಪುಲ್ಲಿ ಈ ಜನ್ಮದಲ್ಲಿ ಸಿಗದು.

ಹಾಗಾದರೆ ಬೆಲ್ಟಿನ ತಂಟೆಯೇ ಬೇಡ, ಟೇಪನ್ನೇ ಉದ್ದ ಮಾಡೋಣ. ಸೆಕೆಂಡಿಗೆ 19 ಸೆಂಟಿಮೀಟರಿನಂತೆ ಲೂಪ್ 38 ಸೆಂಟಿಮೀಟರ್. ವೇಗದ ಯಂತ್ರದ ಲೂಪಿನಲ್ಲಿ, ಕೂಗು ಮುಗಿದ ಮೌನದ ಜಾಗದಲ್ಲಿ, 2.3 ಮಿಲಿಮೀಟರ್ ಖಾಲಿ ಟೇಪು ಸೇರಿಸಿದೆ. 0.8ರಲ್ಲಿ 0.6 ಅಲ್ಲಿಗೆ ವಜಾ, ಉಳಿದದ್ದು 0.2: 500 ಸುತ್ತು, 1000 ಸೆಕೆಂಡು. ಅಷ್ಟು ಸಣ್ಣ ಚೂರನ್ನು 45 ಡಿಗ್ರಿಗೆ ಕತ್ತರಿಸಿ ಅಂಟಿಸುವಾಗ ಫ್ಯಾನ್ ಹಾಕಬಾರದು, ಸೀನಲೂ ಬಾರದು.

ಈಗ ‘ಸೊಪ್ಪೂ’ ಮೊದಲು ದಪ್ಪವಾಗುತ್ತದೆ, ಆಮೇಲೆ ಪ್ರತಿಧ್ವನಿ, ಆಮೇಲೆ ‘ಪ್ಪ’ಗಳೇ ತಾಳ ಹಿಡಿಯುತ್ತವೆ. ನಟ್ಟನಡುವೆ ಒಬ್ಬರು ಇಬ್ಬರಾಗಿ ಪೈಪೋಟಿಗೆ ಮಾರುವಂತಿದೆ.

ಟ್ಯಾಕ್ಸಿ ಓಡಿಸಿ, ಇನ್ನೊಬ್ಬ ರಚನೆಕಾರ ಫಿಲಿಪ್ ಗ್ಲಾಸ್ ಜೊತೆ ಮನೆ ಸಾಮಾನು ಸಾಗಿಸಿ ಹೊಟ್ಟೆ ಹೊರೆದ ರೈಶ್ 2009ರಲ್ಲಿ ಸಂಗೀತಕ್ಕಾಗಿ ಪುಲಿಟ್ಜರ್ ಪ್ರಶಸ್ತಿ ಪಡೆಯುವವರೆಗಿನ ದಾರಿ ಈ ಜಾರಾಟದಿಂದ ಕವಲೊಡೆದದ್ದು ಎನ್ನುವುದು ನನ್ನ ವಾದ. ಆದರೆ ಅವರು ಯಂತ್ರಕ್ಕೆ ಅಂಟಿಕೊಳ್ಳಲಿಲ್ಲ. 1967ರ ‘ಪಿಯಾನೊ ಫೇಸ್’ನಲ್ಲಿ ಅದೇ ಕೆಲಸವನ್ನು ಇಬ್ಬರು ವಾದಕರ ಕೈಗೆ ಕೊಟ್ಟರು. 1972ರ ‘ಕ್ಲ್ಯಾಪಿಂಗ್ ಮ್ಯೂಸಿಕ್’ನಲ್ಲಿ ಜಾರುವುದನ್ನೂ ಬಿಟ್ಟು, 12 ಮಾತ್ರೆಯ ಚಪ್ಪಾಳೆಯನ್ನು ಒಂದೊಂದೇ ಮಾತ್ರೆ ನೆಗೆಸಿದರು. ಬೆಲ್ಟು ಕೊಳ್ಳುವ ಕಷ್ಟ ಬಲ್ಲವರಿಗೆ ಈ ನಿರ್ಧಾರ ಅರ್ಥವಾದೀತು. ಕೊನ್ನಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕಲೆ) ಕಲಿತ ಗೆಳೆಯನೊಬ್ಬ ಈ ಚಪ್ಪಾಳೆಗೆ ಜೊತೆಗೆ ಕೂರಲು ಒಪ್ಪಿದ್ದಾನೆ. ಸಮ (ತಾಳ ಶುರುವಾಗುವ ಪೆಟ್ಟು) ಎಲ್ಲಿ ಎಂದು ಈಗಲೇ ತಕರಾರು ತೆಗೆದಿದ್ದಾನೆ.

ಅದಕ್ಕೂ ಮೊದಲು 1968ರ ‘ಪೆಂಡ್ಯುಲಮ್ ಮ್ಯೂಸಿಕ್’ ಮಾಡಬೇಕು: ಸ್ಪೀಕರುಗಳ ಮೇಲೆ ಮೈಕ್ ತೂಗುಬಿಟ್ಟು, ಹಾದುಹೋದಾಗಲೆಲ್ಲ ಕುಂಯ್ ಎನ್ನಿಸುವುದು. ಹಳೆಯ ಮೈಕ್ ಮೂರಿವೆ, ವೈರೂ ಇದೆ. ಚಾವಣಿಗೆ ಕೊಕ್ಕೆ ಹೊಡೆಯಲು ಮಾಲೀಕರು ಬಿಡುತ್ತಿಲ್ಲ. ತೊಟ್ಟಿಲಿಗೆ ಎಂದು ಹೇಳಬಹುದಿತ್ತು, ಮೂರು ಕೊಕ್ಕೆ ಏಕೆಂದು ಕೇಳುತ್ತಾರೆ.