ಚೇಸ್ ಕೌಂಟಿ ಕೋರ್ಟ್‌ಹೌಸ್ ಮಾಡೆಲ್ (1:100): ಛಾವಣಿ ಕೂತಿತು, ಮೆಟ್ಟಿಲು ಏರುತ್ತಿದೆ

ಗೋಡೆ ಮುಗಿದಿದೆ. ಈ ಕಂತಿನಲ್ಲಿ ಮ್ಯಾನ್ಸಾರ್ಡ್ ಛಾವಣಿ (ನಾಲ್ಕೂ ಬದಿ ಕಡಿದಾಗಿ ಒಳಗೆ ವಾಲಿದ್ದು) ಮತ್ತು ಒಳಗಿನ ಸುರುಳಿ ಮೆಟ್ಟಿಲು.

ಮೂಲ ಕಟ್ಟಡ ಇರುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಕಾಟನ್‌ವುಡ್ ಫಾಲ್ಸ್ ಎಂಬ ಪುಟ್ಟ ಊರಲ್ಲಿ. 1873ರಲ್ಲಿ ಪೂರ್ತಿಯಾಯಿತು. ವಿನ್ಯಾಸ ಜಾನ್ ಜಿ. ಹ್ಯಾಸ್ಕೆಲ್ ಅವರದು, ಟೊಪೀಕಾದ ರಾಜ್ಯ ಶಾಸನಭವನದಲ್ಲೂ ಅವರ ಕೈಯಿದೆ. ಕಾನ್ಸಾಸ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ಕೋರ್ಟ್‌ಹೌಸ್‌ಗಳಲ್ಲಿ ಇದೇ ಅತ್ಯಂತ ಹಳೆಯದು. ಎತ್ತರ 113 ಅಡಿ, ಮಾಡೆಲ್‌ನಲ್ಲಿ 344 ಮಿ.ಮೀ.

ಗೋಡೆಯ ಬಣ್ಣದ ಬಗ್ಗೆ ಒಂದು ಮಾತು. ಅಲ್ಲಿನ ಸುಣ್ಣಕಲ್ಲು ಕೆನೆಬಣ್ಣದ್ದು. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ಆದರೆ ಅದರ ಬೂದುಛಾಯೆ ಇಲ್ಲಿ ಬೇಡ. ಕಾಟನ್‌ವುಡ್ ಸುಣ್ಣಕಲ್ಲಿನಲ್ಲಿ ಗೋಧಿಕಾಳಿನಂಥ ಪಳೆಯುಳಿಕೆಗಳು ಹೇರಳ. 5 ಮಿ.ಮೀ. ಉದ್ದದ ಕಾಳು ಈ ಅಳತೆಗೆ 0.05 ಮಿ.ಮೀ. ಆಗುತ್ತದೆ, ಹಾಗಾಗಿ ಗೋಡೆಗೆ ಚುಕ್ಕೆ ಹಾಕಲು ಹೋಗಬೇಡಿ.

ಛಾವಣಿಗೆ ಫೋಟೋಗಳಿಂದ ಅಂದಾಜು ಮಾಡಿದ ಎತ್ತರ 40 ಮಿ.ಮೀ., ಮೇಲಂಚು ಒಳಕ್ಕೆ ಸರಿಯುವ ಒಳವಾಲು 12. ಹಲಗೆಯನ್ನು 40ಕ್ಕೇ ಕತ್ತರಿಸಿದರೆ ಸುಮಾರು 1.8 ಮಿ.ಮೀ. ಕಡಿಮೆ ಬಿದ್ದು ಕಾರ್ನಿಸ್ (ಗೋಡೆಯ ತುದಿಯ ಚಾಚುಪಟ್ಟಿ) ಮೇಲೆ ಸಂದಿ ಕಾಣುತ್ತದೆ. ಓರೆ ಅಳತೆ 41.8, ಮೂಲೆಯ ಏಣು 43.5. ಮೂಲೆ ಅಂಚನ್ನು ರೂಢಿಯಂತೆ 45 ಡಿಗ್ರಿಗೆ ಕೆತ್ತಿದರೆ ಹೊರಮೈಯಲ್ಲಿ ಮಾತ್ರ ತಾಗಿ ಒಳಗೆ ಟೊಳ್ಳು ಉಳಿಯುತ್ತದೆ. ಎರಡೂ ಮುಖ ಒಳಗೆ ವಾಲಿರುವುದರಿಂದ ನಡುವಿನ ಕೋನ 90 ಅಲ್ಲ, 94.7; ಅದರ ಅರ್ಧವನ್ನು 90ರಿಂದ ಕಳೆದರೆ ಕೆತ್ತಬೇಕಾದ್ದು ಸುಮಾರು 42.6 ಡಿಗ್ರಿ.

ನಿಜವಾದ ಸೊಬಗು ಒಳಗಿದೆ. ಮೂರೂ ಮಹಡಿಗೆ ಏರುವ ಆ ಸುರುಳಿ ಮೆಟ್ಟಿಲು ಕಪ್ಪು ವಾಲ್‌ನಟ್ ಮರದ್ದು. ಅದನ್ನು ಮುಚ್ಚಿಟ್ಟರೆ ಈ ಮಾಡೆಲ್ ಮಾಡಿ ಪ್ರಯೋಜನವಿಲ್ಲ, ಅದಕ್ಕೇ ಹಿಂಗೋಡೆ ಕಳಚುವಂತಿದೆ. 0.6 ಮಿ.ಮೀ. ವಾಲ್‌ನಟ್ ವೆನೀರ್ (ಮರದ ತೆಳು ಹಾಳೆ) ಮೂರು ಪದರ ಅಂಟಿಸಿದರೆ 1.8, ಅಂದರೆ ನಿಜದ 18 ಸೆಂ.ಮೀ. ಮೆಟ್ಟಿಲು. 45 ಮಿ.ಮೀ. ಮಹಡಿಗೆ ಸರಿಯಾಗಿ 25. ಮರದ ಎಳೆ ನಡುಗಂಬದಿಂದ ಹೊರಕ್ಕೆ ಓಡಬೇಕು; ಅಡ್ಡವಾದರೆ ಚೂಪು ತುದಿ ಕತ್ತರಿಸುವಾಗಲೇ ಸೀಳುತ್ತದೆ. ಫೆವಿಕಾಲ್‌ನ ನೀರು ವೆನೀರನ್ನು ಸೊಟ್ಟಗಾಗಿಸುತ್ತದೆ, ಮೇಣದ ಕಾಗದದ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಸೂಪರ್‌ಗ್ಲೂ ಬೇಗ ಹಿಡಿಯುತ್ತದಾದರೂ ಅದರ ಹೊಗೆ ಮರದ ಮೇಲೆ ಬಿಳಿ ಕಲೆ ಬಿಡುತ್ತದೆ.

ಅಂಟಿನ ಪದರವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಮೆಟ್ಟಿಲಿಗೆ 0.1 ಮಿ.ಮೀ. ಹೆಚ್ಚಾದರೂ 25ಕ್ಕೆ 2.5, ಮೇಲಿನ ಮೆಟ್ಟಿಲು ನೆಲವನ್ನೇ ದಾಟಿಹೋಗುತ್ತದೆ. ಐದೈದು ಮೆಟ್ಟಿಲಿನ ಕಟ್ಟು ಮಾಡಿ, ಪ್ರತಿ ಕಟ್ಟನ್ನೂ 9.0ಕ್ಕೆ ಉಜ್ಜಿ ಕ್ಯಾಲಿಪರ್‌ನಲ್ಲಿ ನೋಡಿಯೇ ಮುಂದಿನದು ಕೂರಿಸಬೇಕು. ಸದ್ಯ ಮೊದಲ ಮಹಡಿಯ ಐದು ಕಟ್ಟೂ ನಿಂತಿವೆ. ಕೈಹಿಡಿ ಇನ್ನೂ ಬಾಕಿ: 0.8 ಮಿ.ಮೀ. ಹಿತ್ತಾಳೆ ತಂತಿಯನ್ನು ಬೇಕಾದ ವ್ಯಾಸಕ್ಕಿಂತ ಚಿಕ್ಕ ಕೊಳವೆಗೆ ಸುತ್ತಬೇಕು, ಬಿಟ್ಟೊಡನೆ ಅದು ಅಷ್ಟು ಬಿಚ್ಚಿಕೊಳ್ಳುತ್ತದೆ.